ಕಾಯಿಸಿದರೆ ಕಾಂತವಾಗುವ ಲೋಹ

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ನಾವೆಲ್ಲ ಬರೆದು ಪಾಸಾಗಿ ಬಂದಿರೋ ಎರಡು ಮಾರ್ಕಿನ ಉತ್ತರ ಒಂದಿದೆ. ಅಯಸ್ಕಾಂತವನ್ನು ಕಾಯಿಸುತ್ತಾ ಹೋದರೆ ಒಂದು ತಾಪಮಾನದಲ್ಲಿ ಅದರ ಕಾಂತತ್ವ ಹೋಗಿಬಿಡುತ್ತದೆ, ಅದಕ್ಕೆ ಕ್ಯೂರಿ ತಾಪಮಾನ ಅಂತ ಹೆಸರು. ಕಬ್ಬಿಣಕ್ಕೆ ಅದು ಸುಮಾರು 770 ಡಿಗ್ರಿ ಸೆಲ್ಸಿಯಸ್, ನಿಕ್ಕಲ್‌ಗೆ ಸುಮಾರು 354. ಉತ್ತರ ಸರಿಯಾಗೇ ಇದೆ. ಆದರೆ ಪರೀಕ್ಷೆ ಮುಗಿದ ಮೇಲೆ ತಲೆಯಲ್ಲಿ ಉಳಿಯೋದು "ಬಿಸಿ ಅಂದರೆ ಕಾಂತತ್ವಕ್ಕೆ ಶತ್ರು" ಅನ್ನೋ ಒಂದೇ ಸಾಲು. ಆ ಸಾಲನ್ನು ಅಲುಗಾಡಿಸೋ ಲೋಹ ಒಂದಿದೆ. ಈ ಸಲದ ಪಾಠ ಅದರ ಬಗ್ಗೆ.

ಕಬ್ಬಿಣ ಮತ್ತು ರೋಡಿಯಂ, ಎರಡನ್ನೂ ಸಮ ಸಮ ಬೆರೆಸಿ. ತೂಕದಲ್ಲಿ ಅಲ್ಲ, ಪರಮಾಣುಗಳ ಎಣಿಕೆಯಲ್ಲಿ: ನೂರಕ್ಕೆ ಐವತ್ತು ಅದು, ಐವತ್ತು ಇದು. ಸಿಗೋ ಮಿಶ್ರಲೋಹ ರೂಮ್ ಟೆಂಪರೇಚರ್‌ನಲ್ಲಿ ಸೂಜಿಗಲ್ಲಿಗೆ ಅಂಟೋದಿಲ್ಲ. ಅದನ್ನು ಸುಮಾರು 370 ಕೆಲ್ವಿನ್‌ಗೆ, ಅಂದರೆ ನೀರು ಕುದಿಯೋದಕ್ಕೆ ಸ್ವಲ್ಪ ಕೆಳಗಿನ ಬಿಸಿಗೆ ತಂದರೆ, ಅದೇ ತುಂಡು ಒಳ್ಳೇ ಕಬ್ಬಿಣದ ಹಾಗೆ ಸೂಜಿಗಲ್ಲಿಗೆ ಹೋಗಿ ಕಚ್ಚಿಕೊಳ್ಳುತ್ತೆ. ತಣ್ಣಗೆ ಮಾಡಿದರೆ ಮತ್ತೆ ಬಿಟ್ಟುಬಿಡುತ್ತೆ. ಕ್ಯೂರಿ ತಾಪಮಾನ ಇದಕ್ಕೂ ಇದೆ, ಆದರೆ ಅದು ಇನ್ನೂ ಮೇಲೆ, ಸುಮಾರು 675 ಕೆಲ್ವಿನ್ ಹತ್ತಿರ. ಅಂದರೆ ಈ ಲೋಹ 370ರಲ್ಲಿ ಕಾಂತತ್ವ ಪಡೆದು 675ರಲ್ಲಿ ಕಳೆದುಕೊಳ್ಳುತ್ತೆ. 1938ರಲ್ಲಿ ಫ್ರಾನ್ಸಿನ ಫಾಲೋ ಎಂಬ ವಿಜ್ಞಾನಿ ಪ್ಲಾಟಿನಂ ಕುಟುಂಬದ ಲೋಹಗಳನ್ನು ಒಂದೊಂದಾಗಿ ಕಬ್ಬಿಣದ ಜೊತೆ ಬೆರೆಸಿ ಅಳೆಯುವಾಗ ಇದು ಕಣ್ಣಿಗೆ ಬಿತ್ತು.

ಮುಂದೆ ಹೋಗೋ ಮುಂಚೆ ಪದಗಳ ವಿಷಯ. ಇಂಥ ಬದಲಾವಣೆಗೆ ಕನ್ನಡ ಪಠ್ಯಪುಸ್ತಕಗಳಲ್ಲಿ "ಪ್ರಾವಸ್ಥಾಂತರ" ಅನ್ನೋ ಪದ ಇದೆ. ಅದನ್ನು ತಡವರಿಸದೆ ಹೇಳಿ ಮುಗಿಸೋಷ್ಟರಲ್ಲಿ ಸ್ಯಾಂಪಲ್ ತಣ್ಣಗಾಗಿರುತ್ತೆ. ಹಾಗಾಗಿ ನಾವು "ಸ್ಥಿತಿ ಬದಲಾವಣೆ" ಅಂತಲೇ ಬರೀತೀವಿ. ಫೆರೋಮ್ಯಾಗ್ನೆಟ್, ಸಬ್‌ಸ್ಟ್ರೇಟ್ ಇಂಥವನ್ನು ಲ್ಯಾಬ್‌ನಲ್ಲಿ ಕರೆಯೋ ಹಾಗೇ ಬಿಟ್ಟಿದ್ದೀವಿ.

ಎಕ್ಸಾಮ್ ಹಾಲ್ ಮತ್ತು ಹಗ್ಗಜಗ್ಗಾಟ

ರೂಮ್ ಟೆಂಪರೇಚರ್‌ನಲ್ಲಿ ಈ ಲೋಹದಲ್ಲಿ ಕಾಂತತ್ವ ಇಲ್ಲ ಅಂತ ಹೇಳಿದ್ವಿ. ಅದು ಹೊರಗಿನಿಂದ ನೋಡಿದವರ ಮಾತು. ಒಳಗೆ ಪ್ರತಿಯೊಂದು ಕಬ್ಬಿಣದ ಪರಮಾಣುವೂ ಒಂದು ಪುಟ್ಟ ಸೂಜಿಗಲ್ಲೇ, ಅದೂ ಸಾಕಷ್ಟು ಬಲವಾದದ್ದು, ಸುಮಾರು 3.3 ಬೋರ್ ಮ್ಯಾಗ್ನೆಟಾನ್. ಶುದ್ಧ ಕಬ್ಬಿಣದಲ್ಲಿ ಒಂದು ಪರಮಾಣುವಿಗೆ ಇರೋದೇ ಸುಮಾರು 2.2. ಹಾಗಾದರೆ ಹೊರಗೆ ಯಾಕೆ ಏನೂ ಕಾಣಲ್ಲ?

ಇಂಟರ್ನಲ್ಸ್ ದಿನದ ಎಕ್ಸಾಮ್ ಹಾಲ್ ನೆನಪು ಮಾಡಿಕೊಳ್ಳಿ. ಒಂದು ಬೆಂಚಿನಲ್ಲಿ ಎಲೆಕ್ಟ್ರಾನಿಕ್ಸ್, ಪಕ್ಕದ್ದರಲ್ಲಿ ಮೆಕ್ಯಾನಿಕಲ್. ಮುಂದೆ ಹಿಂದೆಯೂ ಹಾಗೇ. ಯಾರ ಅಕ್ಕಪಕ್ಕದಲ್ಲೂ ಅವರ ಬ್ರಾಂಚಿನವರು ಇರಲ್ಲ. ಇಲ್ಲೂ ಅದೇ ಕಥೆ, ಮೂರು ದಿಕ್ಕಿನಲ್ಲೂ. ಒಂದು ಕಬ್ಬಿಣ ಮೇಲಕ್ಕೆ ತೋರಿಸಿದರೆ ಅದರ ಹತ್ತಿರದ ಕಬ್ಬಿಣಗಳೆಲ್ಲ ಕೆಳಕ್ಕೆ. ಒಟ್ಟು ಕೂಡಿಸಿದರೆ ಸೊನ್ನೆ. ಇದು ಆಂಟಿಫೆರೋಮ್ಯಾಗ್ನೆಟ್. ಕ್ರಮ ಪೂರ್ತಿ ಇದೆ, ಆದರೆ ಹೊರಗಿನವರಿಗೆ ಕಾಣಿಸದ ಕ್ರಮ. ಇಂಥದ್ದೊಂದು ಇರಬಹುದು ಅಂತ ಫ್ರಾನ್ಸಿನ ಲೂಯಿ ನೀಲ್ 1930ರ ದಶಕದಲ್ಲೇ ಹೇಳಿದ್ದರು, ಆ ಸಾಲಿನ ಕೆಲಸಕ್ಕೆ 1970ರಲ್ಲಿ ನೊಬೆಲ್ ಬಂತು. ಕಣ್ಣಾರೆ ತೋರಿಸೋಕೆ ನ್ಯೂಟ್ರಾನ್‌ಗಳು ಬೇಕಾದವು. ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲದಿದ್ದರೂ ಅದೇ ಒಂದು ಪುಟ್ಟ ಸೂಜಿಗಲ್ಲಾಗಿರೋದರಿಂದ, ಹರಳಿನೊಳಗೆ ಯಾವ ಪರಮಾಣು ಎತ್ತ ತೋರಿಸುತ್ತಿದೆ ಅನ್ನೋದನ್ನು ಅದು ಹೊತ್ತು ತರುತ್ತೆ. 1949ರಲ್ಲಿ ಶಲ್ ಮತ್ತು ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಇದನ್ನು ಮೊದಲು ತೋರಿಸಿದರು. ನಮ್ಮ ಮಿಶ್ರಲೋಹದ ಸರದಿ 1960ರ ದಶಕದಲ್ಲಿ ಬಂತು.

ಇನ್ನು ರೋಡಿಯಂ. ಹರಳಿನ ಕಟ್ಟೋಣ ಸರಳ: ಒಂದು ಘನದ ಎಂಟು ಮೂಲೆಗಳಲ್ಲಿ ಕಬ್ಬಿಣ, ಸರಿ ಮಧ್ಯದಲ್ಲಿ ಒಂದು ರೋಡಿಯಂ. ಆಂಟಿಫೆರೋ ಸ್ಥಿತಿಯಲ್ಲಿ ಎಂಟರಲ್ಲಿ ನಾಲ್ಕು ಮೇಲಕ್ಕೆ ಎಳೆಯುತ್ತವೆ, ನಾಲ್ಕು ಕೆಳಕ್ಕೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮ ಬಲ ಇದ್ದಾಗ ಹಗ್ಗದ ಮಧ್ಯದ ಗಂಟು ಅಲ್ಲಾಡದೆ ನಿಲ್ಲೋ ಹಾಗೆ, ರೋಡಿಯಂ ಸುಮ್ಮನಿರುತ್ತೆ, ಅದರ ಕಾಂತತ್ವ ಸೊನ್ನೆ. ಬಿಸಿಯಾಗಿ ಎಂಟೂ ಒಂದೇ ಕಡೆ ತಿರುಗಿದರೆ ಗಂಟು ಸರ್ರನೆ ಜಾರುತ್ತೆ: ರೋಡಿಯಂಗೂ ಸುಮಾರು 0.9 ಮ್ಯಾಗ್ನೆಟಾನ್ ಬಂದುಬಿಡುತ್ತೆ. ಯೋಚಿಸಿ ನೋಡಿದರೆ ವಿಚಿತ್ರ. ಶುದ್ಧ ರೋಡಿಯಂ ಫೆರೋಮ್ಯಾಗ್ನೆಟ್ ಅಲ್ಲವೇ ಅಲ್ಲ. ಅಕ್ಕಪಕ್ಕದವರು ಒಗ್ಗಟ್ಟಾದ್ದರಿಂದ ಮಾತ್ರ ಅದು ಸೂಜಿಗಲ್ಲಾಗುತ್ತೆ.

ಬಿಸಿ ಮಾಡಿದರೆ ಯಾಕೆ ಹೀಗೆ? ಉತ್ತರ ಥರ್ಮೊಡೈನಮಿಕ್ಸ್‌ನಲ್ಲಿದೆ. ಒಂದು ಪದಾರ್ಥ ಆರಿಸಿಕೊಳ್ಳೋದು ಎನರ್ಜಿ ಕಮ್ಮಿ ಇರೋ ಸ್ಥಿತಿಯನ್ನಲ್ಲ, ಎನರ್ಜಿಯಿಂದ ತಾಪಮಾನ-ಎಂಟ್ರೊಪಿ ಗುಣಲಬ್ಧ ಕಳೆದಾಗ ಉಳಿಯೋದು ಯಾವುದಕ್ಕೆ ಕಮ್ಮಿಯೋ ಅದನ್ನು. ಇಲ್ಲಿ ಆಂಟಿಫೆರೋ ಸ್ಥಿತಿಗೆ ಎನರ್ಜಿ ಸ್ವಲ್ಪ ಕಮ್ಮಿ, ಫೆರೋ ಸ್ಥಿತಿಗೆ ಎಂಟ್ರೊಪಿ ಸ್ವಲ್ಪ ಜಾಸ್ತಿ. ತಣ್ಣಗಿದ್ದಾಗ ಮೊದಲನೆಯದು ಗೆಲ್ಲುತ್ತೆ. ತಾಪಮಾನ ಏರಿದಂತೆ ಎಂಟ್ರೊಪಿಯ ಮಾತಿಗೆ ತೂಕ ಹೆಚ್ಚುತ್ತಾ ಹೋಗಿ 370 ಕೆಲ್ವಿನ್‌ನಲ್ಲಿ ತಕ್ಕಡಿ ವಾಲುತ್ತೆ. ಆ "ಸ್ವಲ್ಪ" ಅನ್ನೋ ಪದವನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಮುಂದೆ ತೆಳು ಪದರದ ವಿಷಯ ಬಂದಾಗ ಇಡೀ ಆಟ ಅದರ ಮೇಲೇ ನಿಂತಿದೆ.

ಇದು ಕರಗುವಿಕೆ ಜಾತಿಗೆ ಸೇರಿದ್ದು

ಕ್ಯೂರಿ ತಾಪಮಾನದಲ್ಲಿ ಕಾಂತತ್ವ ಮೆಲ್ಲಗೆ ಇಳಿಯುತ್ತಾ ಬಂದು ಸೊನ್ನೆ ಮುಟ್ಟುತ್ತೆ, ಸದ್ದಿಲ್ಲದೆ. ಅದಕ್ಕೆ ಸೆಕೆಂಡ್ ಆರ್ಡರ್ ಅಂತಾರೆ. 370 ಕೆಲ್ವಿನ್‌ನ ಬದಲಾವಣೆ ಹಾಗಲ್ಲ, ಅದು ಫಸ್ಟ್ ಆರ್ಡರ್. ಮಂಜುಗಡ್ಡೆ ನೀರಾಗೋ ಜಾತಿ. ಅದರ ಲಕ್ಷಣಗಳೆಲ್ಲ ಇಲ್ಲೂ ಇವೆ: ಗಾತ್ರ ಒಂದೇ ಏಟಿಗೆ ಸುಮಾರು ಶೇಕಡಾ 1ರಷ್ಟು ಹಿಗ್ಗುತ್ತೆ, ಹರಳಿನ ಆಕಾರ ಮಾತ್ರ ಘನವಾಗಿಯೇ ಉಳಿಯುತ್ತೆ. ವಿದ್ಯುತ್ ರೋಧ ತಟ್ಟನೆ ಕೆಳಗೆ ಬೀಳುತ್ತೆ. ಬದಲಾಗುವಾಗ ಗುಪ್ತ ಶಾಖ ಹೀರಿಕೊಳ್ಳುತ್ತೆ. ಮಧ್ಯದಲ್ಲಿ ನಿಲ್ಲಿಸಿ ನೋಡಿದರೆ ಎರಡೂ ಸ್ಥಿತಿಗಳು ತೇಪೆ ತೇಪೆಯಾಗಿ ಒಟ್ಟಿಗೇ ಇರುತ್ತವೆ.

ಇನ್ನೊಂದು ಲಕ್ಷಣ ಹಿಸ್ಟೆರಿಸಿಸ್. ಡಿಸೆಂಬರ್‌ನಲ್ಲಿ ಹಾಸ್ಟೆಲ್ ರೂಮಿನ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗಿರುತ್ತಲ್ಲ, ಅದನ್ನು ಬಿಸಿನೀರಲ್ಲಿ ಇಟ್ಟು ಕರಗಿಸಿ ಹೊರಗಿಡಿ. ಕರಗೋದು 24 ಡಿಗ್ರಿ ಸುತ್ತಮುತ್ತ, ಆದರೆ ತಿರುಗಿ ಹೆಪ್ಪುಗಟ್ಟೋಕೆ ಅದಕ್ಕಿಂತ ಕೆಳಗೆ ಇಳಿಯಬೇಕು. ಹೊಸ ಸ್ಥಿತಿ ಎಲ್ಲೋ ಒಂದು ಕಡೆ ಮೊಳಕೆ ಒಡೀಬೇಕು, ಆ ಮೊಳಕೆಗೆ ಖರ್ಚಿದೆ, ಅದಕ್ಕೇ ತಡ. ಐರನ್-ರೋಡಿಯಂನಲ್ಲೂ ಏರುವಾಗಿನ ದಾರಿ ಬೇರೆ, ಇಳಿಯುವಾಗಿನ ದಾರಿ ಬೇರೆ. ಒಳ್ಳೇ ದಪ್ಪ ತುಂಡಿನಲ್ಲಿ ಎರಡರ ನಡುವೆ ಸುಮಾರು 10 ಡಿಗ್ರಿ ಅಂತರ.

ಈಗ ಒಂದು ಲೆಕ್ಕ. ಹೊರಗಿನಿಂದ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ಟರೆ ಫೆರೋ ಸ್ಥಿತಿಗೆ ಸಪೋರ್ಟ್ ಸಿಕ್ಕಂತೆ, ಹಾಗಾಗಿ ಬದಲಾವಣೆ ಕಡಿಮೆ ತಾಪಮಾನದಲ್ಲೇ ಆಗುತ್ತೆ. ಅಳೆದರೆ 1 ಟೆಸ್ಲಾಗೆ ಸುಮಾರು 8 ಕೆಲ್ವಿನ್ ಇಳಿಕೆ. ಮೆಕ್ಯಾನಿಕಲ್‌ನವರಿಗೆ ಕ್ಲಾಸಿಯಸ್-ಕ್ಲಾಪೇರಾನ್ ಸಮೀಕರಣ ಗೊತ್ತಿರುತ್ತೆ. ಒತ್ತಡದ ಜಾಗದಲ್ಲಿ ಫೀಲ್ಡ್, ಗಾತ್ರದ ಜಾಗದಲ್ಲಿ ಮ್ಯಾಗ್ನೆಟೈಸೇಶನ್ ಇಡಿ, ಅಷ್ಟೇ. ಆಗ 1 ಟೆಸ್ಲಾಗೆ ಎಷ್ಟು ಕೆಲ್ವಿನ್ ಇಳಿಯುತ್ತೋ ಅದು ಮ್ಯಾಗ್ನೆಟೈಸೇಶನ್ ಜಿಗಿತವನ್ನು ಎಂಟ್ರೊಪಿ ಜಿಗಿತದಿಂದ ಭಾಗಿಸಿದಷ್ಟು.

ಮ್ಯಾಗ್ನೆಟೈಸೇಶನ್ ನಾವೇ ಹಾಕಬಹುದು. ಫೆರೋ ಸ್ಥಿತಿಯಲ್ಲಿ ಕಬ್ಬಿಣಕ್ಕೆ ಸುಮಾರು 3.2, ರೋಡಿಯಂಗೆ 0.9, ಒಟ್ಟು ಜೋಡಿಗೆ 4.1 ಮ್ಯಾಗ್ನೆಟಾನ್. ಒಂದು ಮೋಲ್‌ಗೆ ಒಂದು ಮ್ಯಾಗ್ನೆಟಾನ್ ಅಂದರೆ 5.585 ಆಂಪಿಯರ್-ಚದರ ಮೀಟರ್. ಜೋಡಿಯ ಮೋಲಾರ್ ತೂಕ 55.85 ಮತ್ತು 102.91 ಸೇರಿ 158.76 ಗ್ರಾಂ. ಗುಣಿಸಿ ಭಾಗಿಸಿದರೆ ಕಿಲೋಗೆ ಸುಮಾರು 144 ಬರುತ್ತೆ. ಇದು ತುಂಬಾ ತಣ್ಣಗಿದ್ದರೆ ಇರಬೇಕಾದ ಬೆಲೆ. 370 ಕೆಲ್ವಿನ್‌ನಲ್ಲಿ ಶಾಖದ ಕುಲುಕಾಟಕ್ಕೆ ಸ್ವಲ್ಪ ಕಳೆದು 120 ಅಂತ ಇಟ್ಟುಕೊಳ್ಳೋಣ. 120 ಭಾಗಿಸು 8, ಕಿಲೋಗೆ ಕೆಲ್ವಿನ್‌ಗೆ 15 ಜೂಲ್ ಎಂಟ್ರೊಪಿ. 370ರಿಂದ ಗುಣಿಸಿದರೆ ಗುಪ್ತ ಶಾಖ ಕಿಲೋಗೆ ಸುಮಾರು 5.5 ಕಿಲೋಜೂಲ್. ಮಂಜುಗಡ್ಡೆಯದ್ದು 334. ನೋಡಿ, ಅರವತ್ತರಲ್ಲಿ ಒಂದು ಪಾಲು. ಎರಡು ಸ್ಥಿತಿಗಳು ಎಷ್ಟು ಅಕ್ಕಪಕ್ಕ ನಿಂತಿವೆ ಅನ್ನೋದು ಇದರಿಂದಲೇ ಗೊತ್ತಾಗುತ್ತೆ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಎಳೆಯೋಣ. ಹೊರಗಿನಿಂದ ಶಾಖ ಬರದ ಹಾಗೆ ಮುಚ್ಚಿಟ್ಟು, ಬದಲಾವಣೆಯ ಅಂಚಿನಲ್ಲಿರೋ ತುಂಡಿಗೆ ಫೀಲ್ಡ್ ಕೊಟ್ಟರೆ ಏನಾಗಬೇಕು? ಬದಲಾಗೋಕೆ ಬೇಕಾದ ಗುಪ್ತ ಶಾಖವನ್ನು ಅದು ತನ್ನಿಂದಲೇ ತೆಗೆದುಕೊಳ್ಳಬೇಕು, ಅಂದರೆ ತಣ್ಣಗಾಗಬೇಕು. ಡ್ಯುಲಾಂಗ್-ಪೆಟಿ ನಿಯಮದಿಂದ ಇದರ ವಿಶಿಷ್ಟೋಷ್ಣ ಕಿಲೋಗೆ ಕೆಲ್ವಿನ್‌ಗೆ ಸುಮಾರು 314 ಜೂಲ್. 5500 ಭಾಗಿಸು 314, ಹತ್ತಿರಹತ್ತಿರ 17 ಡಿಗ್ರಿ, ಇದು ಗರಿಷ್ಠ ಮಿತಿ. 1990ರಲ್ಲಿ ನಿಕಿಟಿನ್ ಮತ್ತು ಸಂಗಡಿಗರು 2 ಟೆಸ್ಲಾಗಿಂತ ಸ್ವಲ್ಪ ಕಡಿಮೆ ಫೀಲ್ಡ್‌ನಲ್ಲಿ ಅಳೆದದ್ದು ಸುಮಾರು 13 ಡಿಗ್ರಿ. ಕ್ಯಾಂಟೀನ್ ಟೇಬಲ್ ಮೇಲೆ ಪೇಪರ್ ನ್ಯಾಪ್‌ಕಿನ್‌ನಲ್ಲಿ ಹಾಕಬಹುದಾದ ಲೆಕ್ಕ, ನಿಜವಾದ ಅಳತೆಯ ಇಷ್ಟು ಹತ್ತಿರ ಬರುತ್ತೆ ಅಂದರೆ ನಮಗಂತೂ ಖುಷಿ. ಸಾಮಾನ್ಯವಾಗಿ ಮ್ಯಾಗ್ನೆಟಿಕ್ ಕೂಲಿಂಗ್‌ಗೆ ಉದಾಹರಣೆ ಕೊಡೋ ಗ್ಯಾಡೋಲಿನಿಯಂ ಫೀಲ್ಡ್ ಕೊಟ್ಟಾಗ ಬಿಸಿಯಾಗುತ್ತೆ, ಅದೂ 2 ಟೆಸ್ಲಾಗೆ ಐದಾರು ಡಿಗ್ರಿ. ಇದು ಉಲ್ಟಾ, ಮತ್ತು ಎರಡರಷ್ಟು.

ಹಾಗಾದರೆ ಇದರಿಂದ ಫ್ರಿಜ್ ಮಾಡಬಹುದಲ್ವಾ? ಮಾಡಬಹುದು, ಅಂಬಾನಿ ಮನೆಗೆ. ರೋಡಿಯಂ ಪ್ರಪಂಚದ ಅತಿ ದುಬಾರಿ ಲೋಹಗಳಲ್ಲಿ ಒಂದು. ಬಹುಪಾಲು ದಕ್ಷಿಣ ಆಫ್ರಿಕಾದಿಂದ ಬರುತ್ತೆ, ಬಹುಪಾಲು ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತೆ. 2021ರ ಮಾರ್ಚ್‌ನಲ್ಲಿ ಬೆಲೆ ಔನ್ಸಿಗೆ 29,000 ಡಾಲರ್ ಹತ್ತಿರ ಹೋಗಿತ್ತು. ಒಂದು ಔನ್ಸ್ ಅಂದರೆ 31.1 ಗ್ರಾಂ. ಒಂದು ಕಿಲೋ ಮಿಶ್ರಲೋಹದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 650 ಗ್ರಾಂ ರೋಡಿಯಂ. ಆಗಿನ ದರದಲ್ಲಿ ನಾಲ್ಕು ಕೋಟಿ ರೂಪಾಯಿಗೂ ಮೇಲೆ. ಜೊತೆಗೆ ಹಿಸ್ಟೆರಿಸಿಸ್ ಕಾಟ: ಮೊದಲ ಸಲ ಸಿಕ್ಕಷ್ಟು ತಂಪು ಪ್ರತಿ ಸುತ್ತಿಗೂ ಸಿಗೋದಿಲ್ಲ.

ಅದೇ ಲೋಹವನ್ನು 50 ನ್ಯಾನೊಮೀಟರ್ ದಪ್ಪದ ಪದರವಾಗಿ ಒಂದು ಚದರ ಸೆಂಟಿಮೀಟರ್ ಮೇಲೆ ಬಳಿದರೆ? ಒಟ್ಟು ತೂಕ ಸುಮಾರು 50 ಮೈಕ್ರೊಗ್ರಾಂ, ರೋಡಿಯಂ ಅದರಲ್ಲಿ ಮೂವತ್ತು ಚಿಲ್ಲರೆ. ಅದೇ ಗಗನಕ್ಕೇರಿದ ದರದಲ್ಲೂ ಎರಡು ಮೂರು ರೂಪಾಯಿ. ಅಂದರೆ ಈ ಲೋಹಕ್ಕೆ ತೆಳು ಪದರವೇ ಸರಿಯಾದ ಮನೆ ಅಂತ ನಮ್ಮ ಅಭಿಪ್ರಾಯ. ದುಡ್ಡಿನ ಕಾರಣ ಅರ್ಧ ಮಾತ್ರ. ಇನ್ನರ್ಧ ಕೆಳಗಿದೆ.

ಕೆಳಗಿರೋದು ಬರೀ ಮಣೆ ಅಲ್ಲ

ಪದರ ಮಾಡೋ ವಿಧಾನ ಸಾಮಾನ್ಯವಾಗಿ ಸ್ಪಟರಿಂಗ್. ನಿರ್ವಾತದ ಚೇಂಬರ್‌ಗೆ ಸ್ವಲ್ಪ ಆರ್ಗಾನ್ ಬಿಟ್ಟು ಪ್ಲಾಸ್ಮಾ ಹಚ್ಚುತ್ತಾರೆ. ಆರ್ಗಾನ್ ಅಯಾನುಗಳು ಐರನ್-ರೋಡಿಯಂ ಬಿಲ್ಲೆಗೆ ಗುದ್ದಿ ಪರಮಾಣುಗಳನ್ನು ಕಿತ್ತು ಹಾರಿಸುತ್ತವೆ, ಅವು ಎದುರಿಗಿರೋ ಸಬ್‌ಸ್ಟ್ರೇಟ್ ಮೇಲೆ ಹೋಗಿ ಕೂರುತ್ತವೆ. ಕೂರೋದು ಮುಖ್ಯ ಅಲ್ಲ, ಸರಿಯಾದ ಸೀಟಲ್ಲಿ ಕೂರೋದು ಮುಖ್ಯ. ತಣ್ಣನೆ ಸಬ್‌ಸ್ಟ್ರೇಟ್ ಮೇಲೆ ಬಿದ್ದರೆ ಕಬ್ಬಿಣ, ರೋಡಿಯಂ ಸಿಕ್ಕಸಿಕ್ಕಲ್ಲಿ ಕೂತು, ಮೂಲೆ-ಮಧ್ಯ ಅನ್ನೋ ಕ್ರಮವೇ ಇರಲ್ಲ, ಸ್ಥಿತಿ ಬದಲಾವಣೆಯೂ ಇರಲ್ಲ. ಅದಕ್ಕೆ ಸಬ್‌ಸ್ಟ್ರೇಟನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಬೆಳೆಸಿ, ಆಮೇಲೆ 700ರ ಮೇಲೆ ಇನ್ನಷ್ಟು ಹೊತ್ತು ಬೇಯಿಸುತ್ತಾರೆ. ಬೆರಕೆಯ ಪ್ರಮಾಣದಲ್ಲೂ ಕರುಣೆ ಇಲ್ಲ. ರೋಡಿಯಂ ಶೇಕಡಾ 48ಕ್ಕಿಂತ ಕೆಳಗಿಳಿದರೆ ಅದು ಎಷ್ಟು ತಣ್ಣಗಾದರೂ ಫೆರೋ ಆಗಿಯೇ ಉಳಿದುಬಿಡುತ್ತೆ. ದಪ್ಪ ತುಂಡಿಗೂ ಈ ಮುನಿಸು ಇದೆ: ಅರದಿಂದ ಉಜ್ಜಿ ಪುಡಿ ಮಾಡಿದರೆ ಸಾಕು, ಹರಳಿನ ಕಟ್ಟೋಣವೇ ಬದಲಾಗಿ ಆ ಪುಡಿ ಈ ಆಟ ಮರೆತುಬಿಡುತ್ತೆ, ಮತ್ತೆ ಕಾಯಿಸಿ ಸರಿ ಮಾಡಬೇಕು.

ಸಬ್‌ಸ್ಟ್ರೇಟ್ ಆಗಿ ಹೆಚ್ಚಾಗಿ ಬಳಸೋದು ಮೆಗ್ನೀಸಿಯಂ ಆಕ್ಸೈಡ್. ಅದರ ಚೌಕದ ಅಳತೆ 4.21 ಆಂಗ್‌ಸ್ಟ್ರಾಮ್, ಐರನ್-ರೋಡಿಯಂನದು 2.99. ಹೊಂದೋದೇ ಇಲ್ಲ ಅನಿಸುತ್ತೆ. ಮನೆ ಮುಂದೆ ಅಮ್ಮ ಚುಕ್ಕಿ ರಂಗೋಲಿ ಇಡೋದನ್ನು ನೋಡಿದ್ದರೆ ಉಪಾಯ ಹೊಳೆಯುತ್ತೆ. ಚೌಕದ ನಾಲ್ಕು ಮೂಲೆಗೆ ಚುಕ್ಕಿ, ನಡುವಿನ ಸಂದಿಗೆ ಒಂದು ಚುಕ್ಕಿ. ಈಗ ತಲೆಯನ್ನು 45 ಡಿಗ್ರಿ ಓರೆ ಮಾಡಿ ನೋಡಿ, ಅದೇ ಚುಕ್ಕಿಗಳಲ್ಲಿ ಇನ್ನೊಂದು ಚಿಕ್ಕ ಚೌಕದ ಜಾಲ ಕಾಣುತ್ತೆ, ಅದರ ಬದಿ ದೊಡ್ಡದರ ಬದಿಯನ್ನು ರೂಟ್ 2ರಿಂದ ಭಾಗಿಸಿದಷ್ಟು. 4.212 ಭಾಗಿಸು 1.414, 2.978. ಐರನ್-ರೋಡಿಯಂನ ನಿಖರ ಅಳತೆ 2.986. ಪದರ 45 ಡಿಗ್ರಿ ತಿರುಗಿ ಕೂತರೆ ಹೆಚ್ಚುಕಮ್ಮಿ ಅಚ್ಚುಕಟ್ಟಾಗಿ ಹೊಂದುತ್ತೆ, ಅದು ಕೂರೋದೂ ಹಾಗೇ.

ಹೆಚ್ಚುಕಮ್ಮಿ. ವ್ಯತ್ಯಾಸ ಶೇಕಡಾ 0.3. ಅಷ್ಟು ಇಕ್ಕಟ್ಟಾದ ಸೀಟಿನಲ್ಲಿ ಪದರ ಕೂರಬೇಕು, ಅಡ್ಡಡ್ಡಕ್ಕೆ ಒತ್ತಿಸಿಕೊಂಡು ಉದ್ದಕ್ಕೆ ಸ್ವಲ್ಪ ಎತ್ತರವಾಗುತ್ತೆ. 0.3 ಅಂದರೆ ಏನು ಮಹಾ ಅಂತ ಕೇಳಬೇಡಿ. ಸ್ಥಿತಿ ಬದಲಾಗುವಾಗ ಗಾತ್ರ ಶೇಕಡಾ 1 ಹಿಗ್ಗುತ್ತೆ ಅಂದ್ವಲ್ಲ, ಅದನ್ನು ಮೂರು ದಿಕ್ಕಿಗೆ ಹಂಚಿದರೆ ಒಂದೊಂದು ದಿಕ್ಕಿಗೆ ಎಷ್ಟು? ಅದೂ 0.3! ಅಂದರೆ ಸಬ್‌ಸ್ಟ್ರೇಟ್ ಹಾಕೋ ಒತ್ತಡ, ಪದರ ತಾನಾಗೇ ಬದಲಾಗುವಾಗ ಆಗೋ ಹಿಗ್ಗುವಿಕೆಯಷ್ಟೇ ದೊಡ್ಡದು. ಹಿಗ್ಗಿದರೆ ಫೆರೋ ಆಗಬೇಕು, ಆದರೆ ಕೆಳಗಿನವನು ಹಿಗ್ಗೋಕೆ ಬಿಡ್ತಿಲ್ಲ. ಹಾಗಾಗಿ ಮೆಗ್ನೀಸಿಯಂ ಆಕ್ಸೈಡ್ ಮೇಲೆ ಬದಲಾವಣೆಯ ತಾಪಮಾನ ಮೇಲಕ್ಕೆ ಹೋಗುತ್ತೆ. ಅದೇ ಪದರವನ್ನು ಸಫೈರ್ ಮೇಲೆ ಎಳೆದು ಕೂರಿಸಿದಾಗ ತಾಪಮಾನ ಕೆಳಗಿಳಿಯುತ್ತೆ. ಪದರದ ಲೋಹದಲ್ಲಿ ಒಂದು ಪರಮಾಣುವೂ ಬದಲಾಗಿಲ್ಲ, ಬದಲಾಗಿದ್ದು ಕೆಳಗಿನ ಮಣೆ.

ಪುಸ್ತಕದ ಚಿತ್ರಗಳಲ್ಲಿ ಸಬ್‌ಸ್ಟ್ರೇಟ್ ಯಾವಾಗಲೂ ಬೂದು ಬಣ್ಣದ ಒಂದು ಡಬ್ಬಿ. ಆ ಡಬ್ಬಿ ಆಟಗಾರ ಅನ್ನೋದು ಈ ಒಂದು ಲೋಹದಿಂದ ಚೆನ್ನಾಗಿ ಗೊತ್ತಾಗುತ್ತೆ. ಎರಡು ಸ್ಥಿತಿಗಳ ನಡುವೆ ಅಂತರ "ಸ್ವಲ್ಪ" ಮಾತ್ರ ಇದ್ದಾಗ, ಸ್ವಲ್ಪ ತಳ್ಳುವ ಯಾರು ಬೇಕಾದರೂ ಫಲಿತಾಂಶ ಬದಲಿಸಬಹುದು. ಪಲ್ಲಾಡಿಯಂ ಒಂದಿಷ್ಟು ಸೇರಿಸಿದರೆ ತಾಪಮಾನ ಇಳಿಯುತ್ತೆ, ಪ್ಲಾಟಿನಂ ಅಥವಾ ಇರಿಡಿಯಂ ಸೇರಿಸಿದರೆ ಏರುತ್ತೆ. ಅಯಾನುಗಳಿಂದ ಹೊಡೆದು ಕ್ರಮ ಸ್ವಲ್ಪ ಕೆಡಿಸಿದರೆ ಹೊಡೆದ ಜಾಗ ಮಾತ್ರ ರೂಮ್ ಟೆಂಪರೇಚರ್‌ನಲ್ಲೇ ಫೆರೋ ಆಗುತ್ತೆ. ಹಾಗೆ ಒಂದೇ ಪದರದಲ್ಲಿ ಕಾಂತದ ಪಟ್ಟಿಗಳನ್ನು ಬರೆಯಬಹುದು.

ದಪ್ಪವೂ ಒಂದು ಕೈ ಆಡಿಸುತ್ತೆ. 50 ನ್ಯಾನೊಮೀಟರ್ ಅಂದರೆ ಸುಮಾರು 170 ಘನಗಳ ಎತ್ತರ, ಮೇಲ್ಮೈಯಲ್ಲಿರೋರು ಅಲ್ಪಸಂಖ್ಯಾತರು. 5 ನ್ಯಾನೊಮೀಟರ್‌ಗೆ ಬಂದರೆ ಹದಿನೇಳೇ ಘನ, ಅಲ್ಲಿ ಮೇಲಿನ ಕೆಳಗಿನ ಅಂಚಿನವರ ಮಾತಿಗೂ ತೂಕ. ಅಂಚಿನ ಪರಮಾಣುವಿಗೆ ಎಂಟು ನೆರೆಯವರು ಪೂರ್ತಿ ಇಲ್ಲ, ಹಗ್ಗಜಗ್ಗಾಟದ ಸಮತೋಲವೇ ಬೇರೆ. ತೆಳುವಾದಂತೆ ಬದಲಾವಣೆಯ ತಾಪಮಾನ ಇಳಿಯುತ್ತೆ, ಚೂಪಾಗಿದ್ದ ಜಿಗಿತ ಇಳಿಜಾರಾಗಿ ಹರಡಿಕೊಳ್ಳುತ್ತೆ, ಮತ್ತು ತಣ್ಣಗಾದ ಮೇಲೂ ಅಂಚುಗಳಲ್ಲಿ ಸ್ವಲ್ಪ ಫೆರೋ ಅಂಶ ಉಳಿದುಕೊಳ್ಳುತ್ತೆ.

ಅಳೆಯೋದೂ ಸುಲಭ ಇಲ್ಲ. ಪದರ 50 ನ್ಯಾನೊಮೀಟರ್, ಕೆಳಗಿನ ಸಬ್‌ಸ್ಟ್ರೇಟ್ ಅರ್ಧ ಮಿಲಿಮೀಟರ್, ಅಂದರೆ ಹತ್ತು ಸಾವಿರ ಪಟ್ಟು ದಪ್ಪ. ಮೆಗ್ನೀಸಿಯಂ ಆಕ್ಸೈಡ್ ಡಯಾಮ್ಯಾಗ್ನೆಟ್, ಬಹಳ ದುರ್ಬಲ, ಆದರೆ ಹತ್ತು ಸಾವಿರ ಪಟ್ಟು ಇರೋದರಿಂದ ದೊಡ್ಡ ಫೀಲ್ಡ್‌ನಲ್ಲಿ ಅದರ ಸಿಗ್ನಲ್ ಕಡೆಗಣಿಸೋ ಹಾಗಿಲ್ಲ, ಕಳೆದೇ ಮುಂದೆ ಹೋಗಬೇಕು. ಪದರ ವಾಹಕವಾದ್ದರಿಂದ ಇನ್ನೊಂದು ಸುಲಭ ದಾರಿ ಇದೆ: ನಾಲ್ಕು ತಂತಿ ಹಚ್ಚಿ ರೋಧ ನೋಡುತ್ತಾ ಕಾಯಿಸೋದು. ರೋಧ ಬಿದ್ದ ಕಡೆ ಸ್ಥಿತಿ ಬದಲಾಯಿತು ಅಂತ ಅರ್ಥ.

ಹಾರ್ಡ್ ಡಿಸ್ಕಿನ ಕನಸು

ಇಷ್ಟೆಲ್ಲ ಯಾರಿಗೆ ಬೇಕು ಅಂದರೆ, ಮೊದಲು ಕೈ ಎತ್ತಿದ್ದು ಹಾರ್ಡ್ ಡಿಸ್ಕ್‌ನವರು. ಡಿಸ್ಕಿನಲ್ಲಿ ಬಿಟ್ ಚಿಕ್ಕದಾದಂತೆ ರೂಮಿನ ಶಾಖವೇ ಅದನ್ನು ತಿರುಗಿಸಿಬಿಡಬಹುದು. ತಡೆಯೋಕೆ ಐರನ್-ಪ್ಲಾಟಿನಂನಂಥ ಹಟಮಾರಿ ಮಿಶ್ರಲೋಹ ಬಳಸಬೇಕು. ಅಷ್ಟು ಹಟ ಇದ್ದರೆ ಬರೆಯೋ ಹೆಡ್‌ಗೂ ಅದು ಬಗ್ಗಲ್ಲ. ಪರಿಹಾರ: ಬರೆಯೋ ಕ್ಷಣದಲ್ಲಿ ಲೇಸರ್‌ನಿಂದ ಆ ಚುಕ್ಕಿಯನ್ನು ಕಾಯಿಸೋದು. ಕ್ಯೂರಿ ತಾಪಮಾನದ ಹತ್ತಿರ, ಅಂದರೆ 400 ಡಿಗ್ರಿ ಸೆಲ್ಸಿಯಸ್ ದಾಟಿ.

2003ರಲ್ಲಿ ಥೀಲೆ, ಮಾಟ್ ಮತ್ತು ಫುಲರ್ಟನ್ ಕೇಳಿದ್ದು ಇಷ್ಟು: ಅಷ್ಟು ಯಾಕೆ ಸುಡಬೇಕು? ಐರನ್-ಪ್ಲಾಟಿನಂ ಜೊತೆ ಒಂದು ಐರನ್-ರೋಡಿಯಂ ಪದರ ಅಂಟಿಸಿ. ತಣ್ಣಗಿದ್ದಾಗ ಅದು ಆಂಟಿಫೆರೋ, ತನ್ನ ಪಾಡಿಗೆ ಇರುತ್ತೆ, ಡೇಟಾ ಭದ್ರ. ಬದಲಾವಣೆಯ ತಾಪಮಾನ ದಾಟಿಸಿದರೆ ಸಾಕು, ಅದು ಮೆತ್ತನೆ ಫೆರೋಮ್ಯಾಗ್ನೆಟ್ ಆಗಿ ಹೆಡ್‌ನ ಫೀಲ್ಡ್‌ಗೆ ತಕ್ಷಣ ತಿರುಗುತ್ತೆ, ತಿರುಗುವಾಗ ಪಕ್ಕದ ಹಟಮಾರಿಯನ್ನೂ ಎಳೆದುಕೊಂಡು ತಿರುಗಿಸುತ್ತೆ. ಬರೆದು ಮುಗಿದ ಮೇಲೆ ತಣ್ಣಗಾಗಿ ಮಾಯ. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯಲ್ಲಿ ಇದಕ್ಕಿಂತ ಚಂದದ ಎಂಜಿನಿಯರಿಂಗ್ ಐಡಿಯಾ ಇಲ್ಲ.

ಮಾರ್ಕೆಟ್ ಏನು ಮಾಡಿತು? ಲೇಸರ್‌ನಿಂದ ಕಾಯಿಸಿ ಬರೆಯೋ ಡಿಸ್ಕ್‌ಗಳ ದೊಡ್ಡ ಪೀಳಿಗೆಯನ್ನು ಸೀಗೇಟ್ 2024ರಲ್ಲಿ ಹೊರತಂದಿತು. ಅದರಲ್ಲಿರೋದು ಐರನ್-ಪ್ಲಾಟಿನಂ, 400 ದಾಟಿಸಿ ಸುಡೋ ಹಳೇ ದಾರಿಯೇ. ಐರನ್-ರೋಡಿಯಂಗೆ ಸೀಟು ಸಿಗಲಿಲ್ಲ. ಮೇಲೆ ದಪ್ಪದ ಬಗ್ಗೆ ಓದಿದ್ದನ್ನು ಇಲ್ಲಿ ಜೋಡಿಸಿ ನೋಡಿ. ಡಿಸ್ಕಿನಲ್ಲಿ ಬೇಕಿರೋದು ಕೆಲವೇ ನ್ಯಾನೊಮೀಟರ್ ಅಗಲದ ಕೋಟ್ಯಂತರ ಕಾಳುಗಳು, ಎಲ್ಲವೂ ಒಂದೇ ತಾಪಮಾನದಲ್ಲಿ ಒಟ್ಟಿಗೆ ಬದಲಾಗಬೇಕು. ಅಷ್ಟು ಚಿಕ್ಕ ಕಾಳಿನಲ್ಲಿ ಅಂಚೇ ಜಾಸ್ತಿ, ಜಿಗಿತ ಇಳಿಜಾರಾಗಿರುತ್ತೆ. ಯಾರು ತಳ್ಳಿದರೂ ಬದಲಾಗೋ ಗುಣ ಲ್ಯಾಬ್‌ನಲ್ಲಿ ವರ, ಫ್ಯಾಕ್ಟರಿಯಲ್ಲಿ ತಲೆನೋವು.

ಆದರೆ ಅದೇ ಗುಣವನ್ನು ಬೇರೆ ಕಡೆ ದುಡಿಸಿಕೊಂಡವರಿದ್ದಾರೆ. 2014ರಲ್ಲಿ ಒಂದು ತಂಡ ಈ ಪದರವನ್ನು ಬೇರಿಯಂ ಟೈಟನೇಟ್ ಮೇಲೆ ಬೆಳೆಸಿತು. ಆ ಹರಳಿಗೆ ವೋಲ್ಟೇಜ್ ಕೊಟ್ಟರೆ ಅದು ಹಿಗ್ಗಿ ಕುಗ್ಗುತ್ತೆ, ಅಂದರೆ ಮಣೆಯೇ ಅಲ್ಲಾಡುತ್ತೆ, ಮೇಲಿನ ಪದರ ಬರೀ ಕೆಲವು ವೋಲ್ಟ್‌ಗಳಲ್ಲಿ ಆಂಟಿಫೆರೋದಿಂದ ಫೆರೋಗೆ ಹೋಗಿ ಬರುತ್ತೆ. ಕಾಂತತ್ವವನ್ನು ಕಾಯಿಲ್ ಇಲ್ಲದೆ, ವೋಲ್ಟೇಜ್‌ನಿಂದ ಆನ್-ಆಫ್ ಮಾಡಿದ ಹಾಗೆ. ಅದೇ ವರ್ಷ ಇನ್ನೊಂದು ತಂಡ ಇದರಿಂದ ಮೆಮೊರಿ ಮಾಡಿ ತೋರಿಸಿತು. ಬಿಸಿ ಮಾಡಿ ಫೆರೋ ಸ್ಥಿತಿಗೆ ತಂದು, ಬಲವಾದ ಫೀಲ್ಡ್‌ನಿಂದ ದಿಕ್ಕು ಕೊಟ್ಟು ತಣಿಸಿದರೆ, ಕೊಟ್ಟ ದಿಕ್ಕನ್ನು ಆಂಟಿಫೆರೋ ಜೋಡಣೆ ನೆನಪಿಟ್ಟುಕೊಳ್ಳುತ್ತೆ. ಓದೋದು ರೋಧದಿಂದ. ಹೊರಗೆ ಏನೂ ಕಾಣಿಸದ ಕ್ರಮವಾದ್ದರಿಂದ, ಪಕ್ಕದಲ್ಲಿ ಯಾರೋ ಸೂಜಿಗಲ್ಲು ತಂದಿಟ್ಟರೂ ಅದು ಅಳಿಸಿಹೋಗಲ್ಲ.

ಇನ್ನೂ ಒಂದು ಜಗಳ ಬಾಕಿ ಇದೆ: ಹರಳು ಹಿಗ್ಗಿದ್ದರಿಂದ ಸ್ಪಿನ್‌ಗಳು ತಿರುಗಿದವೋ, ಸ್ಪಿನ್‌ಗಳು ತಿರುಗಿದ್ದರಿಂದ ಹರಳು ಹಿಗ್ಗಿತೋ? ಚಾರ್ಲ್ಸ್ ಕಿಟೆಲ್ 1960ರಲ್ಲಿ, ಪರಮಾಣುಗಳ ಅಂತರ ಒಂದು ಗಡಿ ದಾಟಿದಾಗ ನೆರೆಯವರ ಸಂಬಂಧವೇ ತಿರುವುಮುರುವಾಗುತ್ತೆ ಅನ್ನೋ ಮಾದರಿ ಕೊಟ್ಟರು. ಈ ಲೋಹಕ್ಕೆ ಅದು ಪೂರ್ತಿ ಹೊಂದಲಿಲ್ಲ, ಎಲೆಕ್ಟ್ರಾನ್‌ಗಳ ಪಾಲು, ರೋಡಿಯಂನ ಪಾಲು ಎಲ್ಲ ಸೇರಿಸಬೇಕಾಯಿತು. 2004ರಿಂದ ಈಚೆಗೆ ತೆಳು ಪದರಗಳಿಗೆ ಫೆಮ್ಟೊಸೆಕೆಂಡ್ ಲೇಸರ್ ಹೊಡೆದು ಯಾರು ಮೊದಲು ಕದಲುತ್ತಾರೆ ಅಂತ ನೋಡುತ್ತಿದ್ದಾರೆ. ಎರಡೂ ಪಿಕೊಸೆಕೆಂಡ್‌ಗಳ ಅಳತೆಯಲ್ಲಿ ನಡೆಯುತ್ತವೆ, ಹಾಗಾಗಿ ತೀರ್ಪು ಸುಲಭವಾಗಿಲ್ಲ.

ಕೊನೆಗೆ ನಿಮಗೊಂದು ಲೆಕ್ಕ ಬಿಡ್ತೀವಿ. ಹಾಸ್ಟೆಲ್ ರೂಮಿನಲ್ಲಿ, 300 ಕೆಲ್ವಿನ್‌ನಲ್ಲಿ, ಈ ಲೋಹವನ್ನು ಕಾಯಿಸದೆ ಬರೀ ಫೀಲ್ಡ್‌ನಿಂದಲೇ ಫೆರೋ ಮಾಡಬೇಕು. 1 ಟೆಸ್ಲಾಗೆ 8 ಕೆಲ್ವಿನ್ ಅನ್ನೋದು ಅಲ್ಲಿಯವರೆಗೂ ಹಾಗೇ ನಡೆಯುತ್ತೆ ಅಂದುಕೊಳ್ಳಿ. ಎಷ್ಟು ಟೆಸ್ಲಾ ಬೇಕು? ಬಂದ ಉತ್ತರವನ್ನು ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಜೊತೆ ಹೋಲಿಸಿ ನಮಗೆ ಬರೆದು ಕಳಿಸಿ.